ಕಿಲ್ಕೆನ್ನಿ ದಾರಿಯಲ್ಲಿ ಪಾಳಿ ತಪ್ಪಿದ ಗಂಟೆ

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಬೆಳಿಗ್ಗೆ ನಾನು ಡಬ್ಲಿನ್ ನಗರದ ಸ್ಯಾಂಟ್ರಿಯಿಂದ ಕಿಲ್ಕೆನ್ನಿಗೆ ಹೊರಟೆ. ನೂರಮೂವತ್ತು ಕಿಲೋಮೀಟರಿನ ಆಸುಪಾಸಿನ ದೂರ, ಕಾರಿನಲ್ಲಿ ಎರಡು ಗಂಟೆಯೂ ಹಿಡಿಯದ ದಾರಿ. ಬೇರೆ ವರ್ಷವಾಗಿದ್ದರೆ ಇದನ್ನು ಪ್ರವಾಸ ಎಂದು ಬರೆಯಲು ನನಗೇ ನಾಚಿಕೆಯಾಗುತ್ತಿತ್ತು. ಆದರೆ ಅದು ಕೋವಿಡ್‌ನ ಎರಡನೆಯ ವರ್ಷ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಎಂಬ ಆಜ್ಞೆ ಇತ್ತು. ಕ್ರಿಸ್ಮಸ್ ಕಳೆದ ಮೇಲೆ ನಾನು ಕಂಡ ಅತಿ ದೂರದ ಊರೆಂದರೆ ನಮ್ಮ ಸೂಪರ್‌ಮಾರ್ಕೆಟ್ಟು.

ನನ್ನ ಯಜಮಾನರು ದಯಾನಂದ. ಕಿಲ್ಕೆನ್ನಿ ಹತ್ತಿರದ ಒಂದು ಹಾಲಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಅವರ ಕೆಲಸ. ವಾರವೆಲ್ಲ ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿರುತ್ತಿದ್ದರು, ಶುಕ್ರವಾರ ಸಂಜೆ ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು. ಮಾರ್ಚ್ ಮೊದಲ ಶುಕ್ರವಾರ ಬರಲಿಲ್ಲ. 'ಸ್ವಲ್ಪ ಕೆಮ್ಮು, ಕೃಪಾಗೆ ಅಂಟೀತು, ಇಲ್ಲೇ ಇರ್ತೀನಿ' ಎಂದು ಫೋನಿನಲ್ಲಿ ಹೇಳಿದರು. ಕೃಪಾ ನಮ್ಮ ಮಗಳು, ಆಗ ಹನ್ನೆರಡು ವರ್ಷದವಳು. ಮುಂದಿನ ವಾರ ಅವರು ಆಸ್ಪತ್ರೆ ಸೇರಿದರು. ಅದರ ಮುಂದಿನ ವಾರ ಅವರ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರಿಗೆ ಹಾಕಿದರು. ಇದಿಷ್ಟನ್ನೂ ನಾನು ಫೋನಿನಲ್ಲೇ ಕೇಳಿದ್ದು. ಹೆಂಡತಿ ಎನ್ನಿಸಿಕೊಂಡವಳು ಗಂಡನ ಹಣೆ ಮುಟ್ಟಿ ನೋಡಲಿಲ್ಲ.

ಶನಿವಾರ ಡಾಕ್ಟರಮ್ಮ ಫೋನ್ ಮಾಡಿದರು. ಗುರುವಾರ ಒಮ್ಮೆ ನಿದ್ದೆಯ ಔಷಧಿ ಕಡಿಮೆ ಮಾಡಿ ನೋಡಿದ್ದರಂತೆ, ಇವರು ಕೈಕಾಲು ಬಡಿದು ಒದ್ದಾಡಿದ್ದರಿಂದ ಮತ್ತೆ ಮಲಗಿಸಬೇಕಾಯಿತಂತೆ. 'ನಾಳೆ ಬೆಳಿಗ್ಗೆ ಹತ್ತಕ್ಕೆ ಟ್ಯೂಬ್ ತೆಗೆದು ನೋಡುತ್ತೇವೆ. ನೀವು ಹನ್ನೆರಡರ ಹೊತ್ತಿಗೆ ಬನ್ನಿ. ಒಬ್ಬರೇ. ಸ್ವಲ್ಪ ಹೊತ್ತು ಒಳಗೆ ಬಿಡುತ್ತೇವೆ' ಎಂದರು. ಆ ದಿನಗಳಲ್ಲಿ ಕೋವಿಡ್ ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಿಟ್ಟರೆ ಒಂದೇ ಕಾರಣಕ್ಕೆ ಬಿಡುತ್ತಿದ್ದರು, ಅದು ಇಡೀ ಐರ್ಲೆಂಡಿಗೆ ಗೊತ್ತಿತ್ತು. ನನ್ನನ್ನು ಯಾಕೆ ಕರೆಯುತ್ತಿದ್ದೀರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹತ್ತು ಜನರ ಬಾಯಿ ಮುಚ್ಚಿಸುವ ಸುಗುಣಾ ಎಂದು ಹೆಸರಾದ ನಾನು 'ಥ್ಯಾಂಕ್ಯೂ ಡಾಕ್ಟರ್' ಎಂದು ಫೋನ್ ಇಟ್ಟೆ.

ನಮ್ಮ ಮಹಡಿಯ ಮೇಲಿನ ಫ್ಲಾಟಿನಲ್ಲಿ ಮೈಸೂರಿನ ರಘು ಮತ್ತು ಸಹನಾ ಇದ್ದಾರೆ. ರಘು ಸಾಫ್ಟ್‌ವೇರಿನವನು, ಮೂವತ್ತು ದಾಟಿರಬಹುದು. ಬಸ್ಸುಗಳಲ್ಲಿ ಕಾಲು ಭಾಗ ಜನರನ್ನಷ್ಟೇ ಹತ್ತಿಸುತ್ತಿದ್ದ ಕಾಲ ಅದು, ಭಾನುವಾರ ಬಸ್ಸುಗಳೂ ಕಡಿಮೆ. ನಾನು ಬಾಯಿ ಬಿಟ್ಟು ಕೇಳುವ ಮೊದಲೇ ಅವನು ಮೆಟ್ಟಿಲಲ್ಲಿ ನಿಂತು, 'ಅಕ್ಕ, ನಾನ್ ಕರ್ಕೊಂಡ್ ಹೋಗ್ತೀನಿ. ನೀವು ಹಿಂದಿನ ಸೀಟು, ನಾನು ಮುಂದೆ, ಕಿಟಕಿ ಎಲ್ಲ ಓಪನ್. ಚಳಿ ಆಗುತ್ತೆ, ಬೆಚ್ಚಗೆ ಹಾಕ್ಕೊಳ್ಳಿ' ಎಂದ. ಕೃಪಾಳನ್ನು ಸಹನಾ ನೋಡಿಕೊಳ್ಳುವುದೆಂದಾಯಿತು. ಹೊರಡುವಾಗ ಮಗಳು ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದಳು, ಅಪ್ಪ ಗ್ರ್ಯಾಂಡ್ ಆಗಿದ್ದಾರಾ ಅಂತ. ಈ ದೇಶದಲ್ಲಿ ಎಲ್ಲದಕ್ಕೂ ಗ್ರ್ಯಾಂಡ್ ಎನ್ನುತ್ತಾರೆ. 'ಆಗ್ತಾರಮ್ಮಾ' ಎಂದೆ, ಅವಳ ಮುಖ ನೋಡಲಿಲ್ಲ.

ಇನ್ನು ಸರಪಳಿ ಪ್ರಾರ್ಥನೆಯ ವಿಷಯ ಹೇಳಬೇಕು, ಈ ಪ್ರಯಾಣವೆಲ್ಲ ಅದರ ಸುತ್ತಲೇ ಸುತ್ತುತ್ತದೆ. ನಮ್ಮದು ಬೆಟಗೇರಿಯ ಹಳೆಯ ಕ್ರೈಸ್ತ ಮನೆತನ. ಮನೆಯಲ್ಲಿ ಯಾರಿಗಾದರೂ ಜೀವಕ್ಕೆ ಬಂತೆಂದರೆ ನಮ್ಮ ಚರ್ಚಿನ ಸಭೆಯವರು ಸರಪಳಿ ಹಿಡಿಯುತ್ತಾರೆ. ಒಬ್ಬೊಬ್ಬರು ಒಂದೊಂದು ಗಂಟೆ ಪಾಳಿಯಲ್ಲಿ ಪ್ರಾರ್ಥಿಸಬೇಕು, ಹಗಲು ರಾತ್ರಿ ಒಂದು ಕ್ಷಣವೂ ಖಾಲಿ ಬಿಡಬಾರದು. ಹಿಂದೆ ಪಾಳಿ ಮುಗಿದವರು ಮುಂದಿನವರ ಮನೆ ಬಾಗಿಲು ತಟ್ಟಿ 'ಒಪ್ಪಿಸಿದೆ' ಎನ್ನುತ್ತಿದ್ದರು, ಒಳಗಿನವರು 'ಹಿಡಿದೆ' ಎಂದರೆ ಮಾತ್ರ ಮನೆಗೆ ತಿರುಗುತ್ತಿದ್ದರು. ಈಗ ಅದೇ ಎರಡು ಮಾತು ವಾಟ್ಸಾಪಿಗೆ ಬಂದಿವೆ. ಡಬ್ಲಿನ್ನಿನಲ್ಲಿ ನಾವು ಏಳು ಕನ್ನಡ ಕ್ರೈಸ್ತ ಮನೆಗಳು, ಅಲ್ಲಿ ಬೆಟಗೇರಿಯ ಅರ್ಧ ಸಭೆ. ಆ ಕಡೆ ಹೊಣೆ ನನ್ನ ಯಜಮಾನರ ಅಕ್ಕ ಕಮಲಕ್ಕನದು, ಈ ಕಡೆ ನನ್ನದು. ಹನ್ನೊಂದು ದಿನ ಒಂದು ಕೊಂಡಿಯೂ ಬಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಡಾಕ್ಟರರಿಗಿಂತ ನನಗೆ ಆ ಸರಪಳಿಯ ಮೇಲೆ ಧೈರ್ಯ. ಅವರ ಉಸಿರು ಅದಕ್ಕೇ ನೇತುಬಿದ್ದಿದೆ ಎಂದು ನಾನು ನಂಬಿದ್ದೆ.

ಗರಿಗಳ ಭಾನುವಾರ ಬೆಟಗೇರಿಯಲ್ಲಿ ಮೆರವಣಿಗೆ, ಉದ್ದನೆಯ ಆರಾಧನೆ, ಆಮೇಲೆ ಊಟ. ಹಾಗಾಗಿ ಆ ಬೆಳಿಗ್ಗೆ ಪೂರ್ತಿ ಡಬ್ಲಿನ್ನಿನವರೇ ಹಿಡಿದುಕೊಂಡು, ನಮ್ಮ ಹತ್ತು ಗಂಟೆಗೆ ಬೆಟಗೇರಿಗೆ ಒಪ್ಪಿಸುವುದೆಂದು ನಾನೂ ಕಮಲಕ್ಕನೂ ಮೊದಲೇ ಮಾತಾಡಿಕೊಂಡಿದ್ದೆವು. ಒಂಬತ್ತರಿಂದ ಹತ್ತರವರೆಗಿನ ಕೊಂಡಿ ನನ್ನದು. ಹತ್ತಕ್ಕೆ ಸರಿಯಾಗಿ ಕಮಲಕ್ಕ. ಟ್ಯೂಬ್ ತೆಗೆಯುವ ಹೊತ್ತಿಗೆ ಸ್ವಂತ ಅಕ್ಕನೇ ಮೊಣಕಾಲೂರಿರುತ್ತಾರೆ ಎಂಬುದು ಆಮೇಲೆ ಒದಗಿಬಂದ ಸಮಾಧಾನ.

ಒಂಬತ್ತಕ್ಕೆ ಸ್ವಲ್ಪ ಮುಂಚೆ ಹೊರಟೆವು. ನನ್ನ ಮಡಿಲಲ್ಲಿ ಒಂದು ಡಬ್ಬಿ ಇತ್ತು, ಅದರಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಗಂಟಲಲ್ಲಿ ಟ್ಯೂಬ್ ಇರುವ ಮನುಷ್ಯನಿಗೆ ರೊಟ್ಟಿ ಕಟ್ಟಿಕೊಂಡು ಹೊರಟ ಬುದ್ಧಿವಂತೆ ನಾನು. ಕಾರು ಸ್ಯಾಂಟ್ರಿಯ ಖಾಲಿ ಆಫೀಸು ಕಟ್ಟಡಗಳನ್ನು ದಾಟಿ ವರ್ತುಲ ಹೆದ್ದಾರಿಗೆ ಏರಿತು. ವಿಮಾನ ನಿಲ್ದಾಣದ ಪಕ್ಕದಲ್ಲೇ ಬದುಕುವ ನಮಗೆ ಆಕಾಶದಲ್ಲಿ ಒಂದು ವಿಮಾನವೂ ಇಲ್ಲದಿರುವುದು ಆಗ ಅಭ್ಯಾಸವಾಗಿಬಿಟ್ಟಿತ್ತು. ಸಣ್ಣ ಮಳೆ, ಅದರ ಬೆನ್ನಿಗೇ ಬಿಸಿಲು, ಮತ್ತೆ ಮಳೆ. ಕಿಟಕಿಯಿಂದ ನುಗ್ಗುವ ಗಾಳಿಗೆ ಕಿವಿ ಮರಗಟ್ಟಿತು.

'ಒಂದು ಗಂಟೆ ನಿದ್ದೆ ಹೋಯ್ತು ಅಕ್ಕ ಇವತ್ತು. ಗಡಿಯಾರ ಮುಂದೆ ಹಾಕಿದ್ರಲ್ಲ. ಈ ಕಾರಲ್ಲಿ ಇನ್ನೂ ಬದಲಾಯಿಸಿಲ್ಲ, ನೋಡಿ' ಎಂದ ರಘು.

'ಹೂಂ' ಎಂದೆ. ಎಂಟು ವರ್ಷದಿಂದ ಈ ದೇಶದಲ್ಲಿದ್ದೇನೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ, ಅಕ್ಟೋಬರಿನಲ್ಲಿ ಹಿಂದೆ ಬರುತ್ತದೆ ಎಂಬುದು ಕೃಪಾಳ ಹುಟ್ಟುಹಬ್ಬದಷ್ಟು ಚೆನ್ನಾಗಿ ಗೊತ್ತು. ಆ ಮಾತು ಕಿವಿಯ ಮೇಲೆ ಬಿತ್ತು, ತಲೆಯೊಳಗೆ ಇಳಿಯಲಿಲ್ಲ. ನಾನು ಮಾಸ್ಕಿನೊಳಗೆ ಕಣ್ಣು ಮುಚ್ಚಿ ನನ್ನ ಗಂಟೆಯ ಪ್ರಾರ್ಥನೆ ಶುರುಮಾಡಿದ್ದೆ.

ಹತ್ತು ಗಂಟೆಯ ಹೊತ್ತಿಗೆ ನಾಸ್ ಪಟ್ಟಣಕ್ಕೆ ಮುಂಚೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಪೊಲೀಸರ ತಪಾಸಣೆ. ಇಲ್ಲಿ ಪೊಲೀಸರಿಗೆ ಗಾರ್ಡ ಎನ್ನುತ್ತಾರೆ. ನಾನು ಫೋನಿನಲ್ಲಿ 'ಒಪ್ಪಿಸಿದೆ' ಎಂದು ಬರೆದು ಕಳಿಸಿದೆ. ಆಗಲೇ ನಮ್ಮ ಸರದಿ ಬಂತು. ನರೆತ ಮೀಸೆಯ ಗಾರ್ಡ ಬಗ್ಗಿ ಕಾರಿನೊಳಗೆ ನೋಡಿದ.

'ಇಬ್ಬರದೂ ಒಂದೇ ಮನೆಯಾ?'

'ಅಲ್ಲ' ಎಂದ ರಘು.

'ಮತ್ತೆ ಎಲ್ಲಿಗೆ ಹೊರಟಿರಿ?'

ನಾನು ಫೋನಿನಲ್ಲಿ ಆಸ್ಪತ್ರೆಯವರು ಕಳಿಸಿದ್ದ ಮೇಲ್ ತೋರಿಸಿದೆ. ಅವನು ಓದಿದ, ಇನ್ನೊಮ್ಮೆ ಓದಿದ. 'ಐಸಿಯು' ಎಂದು ತನಗೇ ಹೇಳಿಕೊಂಡ. ಆಮೇಲೆ ಸಾಲಿನಿಂದ ನಮ್ಮನ್ನು ಪಕ್ಕಕ್ಕೆ ತಿರುಗಿಸಿ, ಇನ್ನೊಬ್ಬ ಗಾರ್ಡನಿಗೆ ಕೈಸನ್ನೆ ಮಾಡಿ ದಾರಿ ಬಿಡಿಸಿದ. 'ಹುಷಾರಾಗಿ ಓಡಿಸಪ್ಪ' ಎಂದು ರಘುವಿಗೆ ಹೇಳಿದ. ನನ್ನ ಕಡೆ ನೋಡಿ ಟೋಪಿ ಮುಟ್ಟಿಕೊಂಡ. ಆ ಟೋಪಿ ಮುಟ್ಟಿದ್ದೇ ನನ್ನ ಜೀವ ಬಾಯಿಗೆ ತಂದಿತು. ಇವನಿಗೂ ಗೊತ್ತಾಗಿದೆ, ನಾನು ಯಾಕೆ ಹೋಗುತ್ತಿದ್ದೇನೆ ಅಂತ.

ಹೆದ್ದಾರಿ ಎರಡಾಗಿ ಒಡೆದು ನಾವು ದಕ್ಷಿಣಕ್ಕೆ ತಿರುಗಿದೆವು. ಎರಡೂ ಬದಿ ಹಸುರು ಹೊಲ, ಬೇಲಿಯಲ್ಲಿ ಹಳದಿ ಹೂವಿನ ಮುಳ್ಳುಗಿಡ, ಹುಟ್ಟಿ ನಾಲ್ಕು ದಿನವೂ ಆಗಿರದ ಕುರಿಮರಿಗಳು. ಎಷ್ಟು ಚೆಂದ ಇದೆ ಎಂದು ಸಿಟ್ಟು ಬಂತು. ಸ್ವಲ್ಪ ಹೊತ್ತಿನ ಮೇಲೆ ಫೋನ್ ತೆಗೆದು ನೋಡಿದೆ. ನನ್ನ 'ಒಪ್ಪಿಸಿದೆ' ಒಂಟಿಯಾಗಿ ಕೂತಿತ್ತು. ಅದರ ಕೆಳಗೆ 'ಹಿಡಿದೆ' ಇರಲಿಲ್ಲ.

ಕಮಲಕ್ಕನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಅವರ ಮಗನಿಗೆ ಮಾಡಿದೆ, ಸ್ವಿಚ್ ಆಫ್. ಅಲ್ಲೇನಾದರೂ ಅನಾಹುತವೇ? ಅಥವಾ ಆಸ್ಪತ್ರೆಯವರು ನನಗೆ ಹೇಳದೆ ಅವರಿಗೆ ಏನಾದರೂ ಹೇಳಿಬಿಟ್ಟರೇ? ತಲೆ ಕೆಟ್ಟಾಗ ಬರುವ ಯೋಚನೆಗಳಿಗೆ ಹಿಂದುಮುಂದು ಇರುವುದಿಲ್ಲ.

'ಏನಾಯ್ತು ಅಕ್ಕ?' ಎಂದ ರಘು, ಕನ್ನಡಿಯಲ್ಲಿ ನೋಡಿ.

ಸರಪಳಿಯ ಕಥೆ ಹೇಳಿದೆ. ಹತ್ತು ಗಂಟೆಗೆ ಒಪ್ಪಿಸಿದೆ, ಬೆಟಗೇರಿಯವರು ಹಿಡಿದಿಲ್ಲ ಎಂದೆ.

'ಅವರಿಗೆ ಎಷ್ಟು ಗಂಟೆ ಅಂತ ಹೇಳಿದ್ರಿ?'

'ಮೂರೂವರೆ. ಐದೂವರೆ ಗಂಟೆ ಫರಕ್ ಅಲ್ವಾ?'

ಅವನು ಕಾರಿನ ಗಡಿಯಾರದ ಕಡೆ ಬೆರಳು ತೋರಿಸಿದ. ಅದು ಒಂಬತ್ತೂವರೆ ಚಿಲ್ಲರೆ ತೋರಿಸುತ್ತಿತ್ತು. 'ನಿನ್ನೆವರೆಗೂ ಐದೂವರೆ ಅಕ್ಕ. ಇವತ್ತಿಂದ ನಾಲ್ಕೂವರೆ. ಇಂಡಿಯಾದಲ್ಲಿ ಗಡಿಯಾರ ಬದಲಾಯಿಸಲ್ಲ ನೋಡಿ. ನಿಮ್ಮ ಅಕ್ಕಂಗೆ ಇನ್ನೂ ಮೂರೂವರೆ ಆಗಿಲ್ಲ. ಊಟ ಮಾಡಿ ಮಲಗಿರ್ತಾರೆ ಪಾಪ.'

ಯಾರ ಮೇಲೆ ರೇಗಲಿ? ನಾನೇ ಕಮಲಕ್ಕನಿಗೆ ಮೂರೂವರೆ ಎಂದು ಹೇಳಿದ್ದು, ಆಮೇಲೆ ಇನ್ನೊಮ್ಮೆ ಹೇಳಿಸಿ ಖಚಿತ ಮಾಡಿಕೊಂಡವಳೂ ನಾನೇ. ಹನ್ನೊಂದು ದಿನ ಕಾದ ಸರಪಳಿ, ಟ್ಯೂಬ್ ಎಳೆಯುವ ಆ ಗಂಟೆಯಲ್ಲೇ ತುಂಡಾಗಿತ್ತು. ಹತ್ತು ಗಂಟೆಯಿಂದ ಇಲ್ಲಿಯವರೆಗೆ ಭೂಮಿಯ ಮೇಲೆ ಅವರಿಗಾಗಿ ಒಬ್ಬ ನರಪಿಳ್ಳೆಯೂ ಕೈ ಜೋಡಿಸಿರಲಿಲ್ಲ.

'ಕಾರ್ ನಿಲ್ಲಿಸು' ಎಂದು ಕಿರುಚಿದೆ.

'ಹೈವೇ ಅಕ್ಕ ಇದು. ನಿಲ್ಲಿಸೋ ಹಾಗಿಲ್ಲ. ಮುಂದೆ ಬಂಕ್ ಬರುತ್ತೆ, ತಡೀರಿ.'

'ನಿನಗೇನು ಗೊತ್ತು? ನಿನ್ನ ಹೆಂಡತಿ ಮನೇಲಿ ಆರಾಮಾಗಿದ್ದಾಳೆ' ಎಂದುಬಿಟ್ಟೆ. ನೂರಮೂವತ್ತು ಕಿಲೋಮೀಟರು ನನಗಾಗಿ ಓಡಿಸುತ್ತಿದ್ದ ಹುಡುಗನಿಗೆ ಅಂದ ಮಾತು ಅದು.

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಒಳಗೆ ಕೂತು ಕುಡಿಯುವ ಹಾಗಿರಲಿಲ್ಲ, ರಟ್ಟಿನ ಲೋಟದಲ್ಲಿ ಚಹಾ ತಂದು ಕಾರಿನ ಮೇಲೆ ಇಟ್ಟು ದೂರ ಹೋಗಿ ನಿಂತ. ನಾನು ಹನ್ನೆರಡರವರೆಗೆ ಉಪವಾಸ ಹಿಡಿದಿದ್ದೆ, ಮುಟ್ಟಲಿಲ್ಲ. ಡಬ್ಲಿನ್ನಿನ ಇನ್ನೊಬ್ಬರಿಗೆ ಹೇಳಬೇಕೆಂಬುದು ಹೊಳೆಯಲೇ ಇಲ್ಲ. ಗಾಳಿಗೆ ಬೆನ್ನು ಮಾಡಿ ನಿಂತು, ಕಮಲಕ್ಕ ಏಳುವವರೆಗೆ ಆ ಗಂಟೆಯನ್ನು ನಾನೇ ತುಂಬಿಸೋಣ ಎಂದುಕೊಂಡೆ. ಒಂದು ಮಾತು ಬರಲಿಲ್ಲ. ಭಾನುವಾರದ ಶಾಲೆಯಲ್ಲಿ ಕಲಿತ ಪ್ರಾರ್ಥನೆ ಕೂಡ ಮೊದಲ ಪದದಲ್ಲೇ ಸಿಕ್ಕಿಕೊಂಡಿತು. 'ಕರ್ತನೇ' ಎಂದೆ, ಅಷ್ಟೇ. ಆಮೇಲೆ ಬಂದದ್ದು ಬರೀ ಜಗಳ. ನಿನಗೆ ನಮ್ಮ ಲೆಕ್ಕವೇ ಬೇಕಿತ್ತೇ? ಒಂದು ಗಂಟೆ ನಾವು ಕೂಗದಿದ್ದರೆ ನಿನಗೆ ಕೇಳುವುದಿಲ್ಲವೇ? ಇದನ್ನು ಪ್ರಾರ್ಥನೆ ಎಂದು ನಮ್ಮ ಸಭಾಪಾಲಕರು ಒಪ್ಪಲಿಕ್ಕಿಲ್ಲ, ನಾನೂ ಆವತ್ತು ಒಪ್ಪಲಿಲ್ಲ.

ಮತ್ತೆ ಹೊರಟೆವು. ಕಾರ್ಲೋ ಊರಿನ ಬೋರ್ಡು ಹಿಂದೆ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ಮಡಿಲಲ್ಲಿ ಫೋನು ಟಿಂಗ್ ಎಂದಿತು. ಕಮಲಕ್ಕ. 'ಹಿಡಿದೆ.' ಹನ್ನೊಂದು ಗಂಟೆಗೆ ಸರಿಯಾಗಿ, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ. ಆ ನಿಷ್ಠೆ ನೋಡಿ ನನಗೆ ಅಳು ಬಂತು. ಅವರಿಗೆ ಆಗ ಏನೂ ಹೇಳಲಿಲ್ಲ.

ಕಿಲ್ಕೆನ್ನಿ ಹಳೆಯ ಊರು. ಕಲ್ಲಿನ ಕೋಟೆ, ಎತ್ತರದ ದುಂಡು ಗೋಪುರ, ಕಿರಿದಾದ ಬೀದಿಗಳು. ಎರಡು ವರ್ಷದ ಹಿಂದೆ ಮೂವರೂ ಬಂದು ಕೋಟೆಯ ಮುಂದಿನ ಹುಲ್ಲಿನ ಮೇಲೆ ಪುಳಿಯೋಗರೆ ತಿಂದಿದ್ದೆವು. ಈ ಸಲ ಊರನ್ನು ಬಳಸಿ ಹೋಗುವ ರಸ್ತೆಯಲ್ಲೇ ಆಸ್ಪತ್ರೆಗೆ ಹೋದೆವು. ರಘು ಕಾರಿನಲ್ಲೇ ಉಳಿದ. ಬಾಗಿಲಲ್ಲಿ ಕೂತಿದ್ದ ಹೆಂಗಸು ನನ್ನ ಹೆಸರು ಹುಡುಕಿ, ಹೊಸ ಮಾಸ್ಕ್ ಕೊಟ್ಟು, ಪಕ್ಕದ ಪೆಟ್ಟಿಗೆಯಿಂದ ಒಂದು ಸಣ್ಣ ಹಸುರು ಗರಿ ತೆಗೆದು ನನ್ನ ಮುಂದೆ ಇಟ್ಟಳು. 'ಗರಿಗಳ ಭಾನುವಾರ ಅಲ್ಲವೇ, ಚರ್ಚುಗಳು ಮುಚ್ಚಿವೆ, ಪಾದ್ರಿ ಇಲ್ಲೇ ಕೊಟ್ಟು ಹೋದರು. ಮೇಲೆ ತೆಗೆದುಕೊಂಡು ಹೋಗಬೇಡಿ, ವಾಪಸು ಬರುವಾಗ ಒಯ್ಯಿರಿ' ಎಂದಳು. ಡಬ್ಬಿಯನ್ನೂ ಅವಳ ಮೇಜಿನ ಮೇಲೇ ಬಿಟ್ಟೆ.

ಮೇಲೆ ಒಂದು ಕಾರಿಡಾರಿನಲ್ಲಿ ಕೂರಿಸಿದರು. ಆ ಕಾಯುವಿಕೆಯನ್ನು ಏನೆಂದು ಬರೆಯಲಿ? ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಒಬ್ಬ ನರ್ಸ್ ಬಂದಳು. ಮುಖವೆಲ್ಲ ಮುಚ್ಚಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಹೆಸರು ಮೇರಿ ಎಂದಳು. ನಾನು ಕೇಳಿದೆ, ಬದುಕಿದ್ದಾರಾ ಅಂತ. ಸುತ್ತುಬಳಸಿ ಕೇಳಲು ಬರಲಿಲ್ಲ.

'ಅಯ್ಯೋ, ಇದ್ದಾರೆ, ಇದ್ದಾರೆ!' ಎಂದಳು. 'ಹತ್ತು ಗಂಟೆಗೆ ಸರಿಯಾಗಿ ಟ್ಯೂಬ್ ತೆಗೆದೆವು. ತಾವೇ ಉಸಿರಾಡುತ್ತಿದ್ದಾರೆ. ಬಿಗಿಯಾದ ಮಾಸ್ಕಿನಲ್ಲಿ ಆಮ್ಲಜನಕ ಕೊಡುತ್ತಿದ್ದೇವೆ. ಆದರೆ ಆ ಮಾಸ್ಕನ್ನು ಕಿತ್ತು ಕಿತ್ತು ಬಿಸಾಡುತ್ತಿದ್ದಾರೆ. ಔಷಧಿಯ ಮಂಪರಿನಲ್ಲಿ ನಮ್ಮ ಇಂಗ್ಲಿಷು ಅವರ ತಲೆಗೆ ಹೋಗುತ್ತಿಲ್ಲ. ಗುರುವಾರವೂ ಹೀಗೇ ಆಯಿತು. ಅವರ ಭಾಷೆ ಮಾತಾಡುವವರು ಒಬ್ಬರು ಬೇಕು ಅಂತಲೇ ನಿಮ್ಮನ್ನು ಕರೆಸಿದ್ದು. ಡಾಕ್ಟರ್ ಹೇಳಲಿಲ್ಲವೇ?'

ಹೇಳಿರಲಿಲ್ಲ. ಅಥವಾ ಹೇಳುವ ಮೊದಲೇ ನಾನು ಥ್ಯಾಂಕ್ಯೂ ಎಂದು ಫೋನ್ ಇಟ್ಟಿದ್ದೆನೋ ಏನೋ. ಒಂದು ಹಗಲು ಒಂದು ರಾತ್ರಿ ನಾನು ಸಾವನ್ನೇ ಹೊತ್ತುಕೊಂಡು ತಿರುಗಿದ್ದೆ. ಅವರು ನನ್ನನ್ನು ಕರೆದದ್ದು ಮಾತಾಡಲಿಕ್ಕೆ.

ಗೌನು, ಗ್ಲೌಸು, ಕನ್ನಡಕ, ಎಲ್ಲ ತೊಡಿಸಿ ಒಳಗೆ ಬಿಟ್ಟರು. ಯಜಮಾನರು ಅರ್ಧ ಮೈಯಾಗಿದ್ದರು. ಗಡ್ಡ ಬೆಳೆದಿತ್ತು. ಕಣ್ಣು ತೆರೆದಿದ್ದರೂ ಎಲ್ಲೋ ನೋಡುತ್ತಿದ್ದವು, ಕೈ ಮಾತ್ರ ಮಾಸ್ಕಿನ ಪಟ್ಟಿಯನ್ನು ಎಳೆಯುತ್ತಲೇ ಇತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಟ್ಟಿದ್ದ ಒಳ್ಳೊಳ್ಳೆಯ ಮಾತುಗಳೆಲ್ಲ ಮರೆತುಹೋದವು.

'ಏನ್ರೀ!' ಎಂದೆ, ಮನೆಯಲ್ಲಿ ಕೂಗುವ ಹಾಗೇ. 'ಏನದು ಸಣ್ಣ ಹುಡುಗರಂಗ? ಕೈ ತಗೀರಿ ಅದರ ಮ್ಯಾಲಿಂದ! ಪಾಪ, ಆಕಿ ಬೆಳಗಿಂದ ಹಾಕ್ಲಿಕ್ಕತ್ತಾಳ, ನೀವು ಕೀಳಾಕತ್ತೀರಿ. ಸುಮ್ಮನ ಮಲಕೊಂಡು ಉಸಿರ ತಗೋರಿ.'

ಕೈ ನಿಂತಿತು. ಕಣ್ಣು ನಿಧಾನವಾಗಿ ತಿರುಗಿ ನನ್ನ ಕನ್ನಡಕದ ಮೇಲೆ, ಮಾಸ್ಕಿನ ಮೇಲೆ ಹುಡುಕಾಡಿದವು. ಗುರುತು ಸಿಕ್ಕಿರಬೇಕು, ಕಣ್ಣಂಚಿನಲ್ಲಿ ನೀರು ಬಂತು. ಏನೋ ಹೇಳಲು ಹೋದರು, ದನಿ ಹೊರಡಲಿಲ್ಲ. ನಾನು ಕೃಪಾಳ ವಿಷಯ ಹೇಳಿದೆ, ಸಹನಾಳ ಮನೆಯಲ್ಲಿದ್ದಾಳೆ ಎಂದೆ, ರೊಟ್ಟಿ ತಂದು ಕೆಳಗೆ ಬಿಟ್ಟಿದ್ದೇನೆ ಎಂದೂ ಹೇಳಿದೆ. ಅದಕ್ಕೆ ಮುಖದಲ್ಲಿ ನಗುವಿನಂಥದ್ದು ಏನೋ ಸುಳಿಯಿತು. ಅವರ ಬೆರಳು ನನ್ನ ಗ್ಲೌಸಿನ ಬೆರಳನ್ನು ಹಿಡಿದುಕೊಂಡಿತ್ತು. ಹೊರಡಬೇಕೆಂದು ಮೇರಿ ಸನ್ನೆ ಮಾಡಿದಾಗಲೂ ಬಿಡಲಿಲ್ಲ, ಅವಳೇ ಮೆಲ್ಲಗೆ ಬಿಡಿಸಿದಳು.

ಡಾಕ್ಟರಮ್ಮ ಕಾರಿಡಾರಿನಲ್ಲಿ ಸಿಕ್ಕರು. 'ಇನ್ನೂ ಅಪಾಯ ದಾಟಿಲ್ಲ' ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. 'ನಾಳೆ ಬೆಳಿಗ್ಗೆವರೆಗೆ ಹೀಗೇ ನಿಭಾಯಿಸಿದರೆ ಒಳ್ಳೆಯದು. ಸುಸ್ತಾಗಿಬಿಟ್ಟರೆ ಮತ್ತೆ ಟ್ಯೂಬ್ ಹಾಕಬೇಕಾದೀತು. ಹಾಕಿದರೆ ಎರಡನೆಯ ಸಲ ತೆಗೆಯುವುದು ಕಷ್ಟ.' ಈ ಸಲ ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ನನ್ನ ದನಿಯನ್ನು ಫೋನಿನಲ್ಲಿ ಅವರ ಕಿವಿಗೆ ಹಿಡಿಯುತ್ತೇವೆ ಎಂದರು. ಮೇರಿ ನಾಲ್ಕು ಮಾತು ಕಲಿಯುತ್ತೇನೆ ಎಂದಳು. 'ಕೈ ತಗೀರಿ' ಎಂದು ಅವಳಿಗೆ ಕಲಿಸಿ ಬಂದೆ.

ಕಾರಿನ ಹತ್ತಿರ ಬಂದು ರಘುವಿಗೆ ಎಲ್ಲ ಹೇಳಿದೆ. ಅವನು ಸ್ಟಿಯರಿಂಗಿನ ಮೇಲೆ ತಲೆ ಇಟ್ಟು ಒಂದು ಕ್ಷಣ ಹಾಗೇ ಕೂತ. ನಾನು ಬೆಳಿಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. 'ಬಿಡಿ ಅಕ್ಕ, ಆಫೀಸಲ್ಲಿ ಇದಕ್ಕಿಂತ ಜಾಸ್ತಿ ಬೈಸ್ಕೊಳ್ತೀನಿ' ಎಂದ. ಆಮೇಲೆ ಒಂದು ವಿಷಯ ತಲೆಗೆ ಬಂದು ಕೇಳಿದೆ, 'ರಘು, ಹತ್ತರಿಂದ ಹನ್ನೊಂದರವರೆಗೆ ನೀನೇನಾದ್ರೂ ಬೇಡ್ಕೊಂಡ್ಯಾ? ನಿಮ್ಮ ರಾಯರ ಹತ್ರ?' ಅವನ ಡ್ಯಾಶ್‌ಬೋರ್ಡಿನ ಮೇಲೆ ಸಣ್ಣ ಫೋಟೋ ಇದೆ.

ಅವನು ಮುಖ ಸಣ್ಣ ಮಾಡಿಕೊಂಡ. 'ಸುಳ್ಳು ಹೇಳಲ್ಲ ಅಕ್ಕ. ನೀವು ಕಿರುಚಿದ್ರಲ್ಲ, ಎಕ್ಸಿಟ್ ಮಿಸ್ ಆಗ್ಬಿಡುತ್ತೋ ಅಂತ ಅದೊಂದೇ ಚಿಂತೆ ನನಗೆ.'

ನನಗೆ ನಗು ಬಂತು. ಹದಿನೈದು ದಿನದಲ್ಲಿ ಮೊದಲ ಸಲ.

ರೊಟ್ಟಿ ಡಬ್ಬಿ ತೆರೆದು ಪಾರ್ಕಿಂಗಿನಲ್ಲಿ ಆಚೊಬ್ಬರು ಈಚೊಬ್ಬರು ನಿಂತು ತಿಂದೆವು. ತಿನ್ನುವಾಗಲೇ ಕಮಲಕ್ಕನಿಗೆ ಫೋನ್ ಮಾಡಿದೆ. ತಮ್ಮ ಉಸಿರಾಡುತ್ತಿದ್ದಾನೆ ಎಂದಾಗ ಆ ಕಡೆಯಿಂದ 'ಸ್ತೋತ್ರ, ಸ್ತೋತ್ರ' ಎಂದು ಕೂಗು. ಆಮೇಲೆ ಗಡಿಯಾರದ ವಿಷಯ ಹೇಳಿದೆ.

'ಅಂದ್ರ ಆವಾಗ ಯಾರೂ ಇದ್ದಿಲ್ಲೇನ?' ಎಂದರು. 'ಅಯ್ಯೋ ನನ ದೇವರ! ನಾ ಉಂಡು ಮಲಗಿದ್ನೆಲ್ಲವಾ. ನನ ತಮ್ಮನ ಕೊಳವಿ ತಗಿಯೂ ಹೊತ್ತಿಗೆ ನಾ ಗೊರಕಿ ಹೊಡಿಯಾಕತ್ತಿದ್ದೆ!'

'ನಾನೂ ಏನ್ ಮಾಡಿಲ್ಲಕ್ಕ. ಕರ್ತನೇ ಅಂದೆ, ಆಮ್ಯಾಲೆ ದೇವರ ಜೋಡಿ ಜಗಳಾ ತಗದಿದ್ದೆ.'

ಸ್ವಲ್ಪ ಹೊತ್ತು ಅತ್ತರು. ಆಮೇಲೆ ಕಮಲಕ್ಕನ ಕಾರಭಾರ ಶುರುವಾಯಿತು. 'ಹಂಗಾದ್ರ ಆ ತಾಸಿಗೆ ಯಾರದರ ಹೆಸರು ಹಚ್ಚೂಣು. ಸಭಾದಾಗ ಹೇಳಾಕ ಬೇಕಲ್ಲ, ಸರಪಳಿ ಕಡದಿಲ್ಲ ಅಂತ. ನೀನು ಕರ್ತನೇ ಅಂದಿದ್ದಿ ಅಲ್ಲ, ನಿಂದ ಹಚ್ಚಲಿ?'

ಒಂದು ಕ್ಷಣ ಹೂಂ ಎನ್ನಬೇಕೆನ್ನಿಸಿತು. 'ಬ್ಯಾಡಕ್ಕ' ಎಂದೆ. 'ಯಾರ ಹೆಸರೂ ಬ್ಯಾಡ. ಅವರು ತಾವಾಗೇ ಉಸಿರು ತಗೊಂಡಿದ್ದು ಅದಽ ತಾಸಿನ್ಯಾಗ. ಸಭಾದಾಗ ಇದ್ದದ್ದು ಇದ್ದಂಗ ಹೇಳ್ರಿ.'

'ಹೂಂ, ಆತು. ಖರೇ ಐತಿ' ಎಂದರು ಕಮಲಕ್ಕ. ಮತ್ತೆ, 'ಇನ್ನ ಮ್ಯಾಲೆ ನಾಕೂವರಿ ತಾಸು ಹೌದಿಲ್ಲೋ?' ಎಂದು ಖಚಿತ ಮಾಡಿಕೊಂಡರು. ಪ್ರಾರ್ಥನೆ ನಿಲ್ಲಿಸುವ ಮಾತು ಇಬ್ಬರಿಗೂ ಬರಲಿಲ್ಲ. ಬೇಡುವುದು ನಮ್ಮ ಕೆಲಸ. ಉಸಿರನ್ನು ಎತ್ತಿ ಹಿಡಿಯುವುದು ನಮ್ಮ ಕೆಲಸವಲ್ಲ. ನಲವತ್ತಾರು ವರ್ಷ ದೇವಾಲಯಕ್ಕೆ ಹೋದವಳು ಇಷ್ಟನ್ನು ಒಂದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಬಾಯಲ್ಲಿ ಚಟ್ನಿ ಇಟ್ಟುಕೊಂಡು ಕಲಿಯಬೇಕಾಯಿತು.

ಇನ್ನೊಮ್ಮೆ ಒಳಗೆ ಬಿಟ್ಟರೂ ಬಿಡಬಹುದು ಎಂದು ಅಲ್ಲೇ ಸಂಜೆಯವರೆಗೆ ಕಾದೆವು. ಬಿಡಲಿಲ್ಲ. ಹಾಗೇ ಇದ್ದಾರೆ, ಮನೆಗೆ ಹೋಗಿ ಎಂದರು. ಗರಿಯನ್ನು ಕೈಯಲ್ಲಿ ಹಿಡಿದು ಕಾರು ಹತ್ತಿದೆ. ನನ್ನ ಮುಂದಿನ ಪಾಳಿ ಐದರಿಂದ ಆರರವರೆಗೆ. ಹೆದ್ದಾರಿ ಸೇರುವಾಗ ಐದು ಗಂಟೆ. ಮಳೆ ನಿಂತು ಪಶ್ಚಿಮದ ಕಡೆ ಬಿಸಿಲು ಬಿದ್ದಿತ್ತು, ಕುರಿಮರಿಗಳು ತಾಯಿಗೆ ಒತ್ತಿಕೊಂಡ ಹೊಲಗಳು ಮತ್ತೆ ಬಂದವು. ಹಿಂದಿನವರು 'ಒಪ್ಪಿಸಿದೆ' ಎಂದು ಬರೆದಿದ್ದರು, ನಾನು 'ಹಿಡಿದೆ' ಎಂದು ಬರೆದೆ.

ಅವರು ಮನೆಗೆ ಬಂದದ್ದು ಮೇ ತಿಂಗಳಲ್ಲಿ, ಇದೇ ಕಾರಿನಲ್ಲಿ, ಇದೇ ಹಿಂದಿನ ಸೀಟಿನಲ್ಲಿ. ಆದರೆ ಆ ಸಂಜೆ ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ನಾಳೆ ಬೆಳಿಗ್ಗೆವರೆಗೆ ಏನು ಬೇಕಾದರೂ ಆಗಬಹುದು. ಕಣ್ಣು ಮುಚ್ಚಿ, ಬೆಳಿಗ್ಗೆಯ ಹಾಗೆ ಪಟ್ಟಿ ಮಾಡಿ ಬೇಡಲು ಹೋದೆ. ಶ್ವಾಸಕೋಶ, ಜ್ವರ, ಮಾಸ್ಕು, ರಾತ್ರಿಯ ನರ್ಸು. ಅರ್ಧಕ್ಕೇ ನಿಲ್ಲಿಸಿದೆ. ಕರ್ತನಿಗೆ ಎಲ್ಲ ಗೊತ್ತಿತ್ತು, ನಾನು ನಿದ್ದೆಗೆಟ್ಟಿರುವುದೂ. 'ಒಪ್ಪಿಸಿದೆ' ಎಂದೆ, ಫೋನಿಗಲ್ಲ.

ಯಾರೋ ಕಾರಿನ ಬಾಗಿಲು ತಟ್ಟಿದರು. ಕಾರು ನಿಂತಿತ್ತು. ಹೊರಗೆ ಸ್ಯಾಂಟ್ರಿಯ ನಮ್ಮ ಕಟ್ಟಡ, ಮೇಲಿನ ಬಾಲ್ಕನಿಯಲ್ಲಿ ಕೃಪಾ ಕೈ ಬೀಸುತ್ತಿದ್ದಳು. ಡ್ಯಾಶ್‌ಬೋರ್ಡಿನ ಗಡಿಯಾರ ಇನ್ನೂ ಒಂದು ಗಂಟೆ ಹಿಂದೆಯೇ ಇತ್ತು.

'ಅಕ್ಕ, ನಿಮ್ಮ ಟರ್ನ್ ಇತ್ತಲ್ವಾ?' ಎಂದ ರಘು, ತಪ್ಪು ಮಾಡಿದವನ ದನಿಯಲ್ಲಿ. 'ಕಾರ್ಲೋ ಬರೋದ್ರೊಳಗೇ ನಿದ್ದೆ ಹೋಗ್ಬಿಟ್ರಿ. ಎಷ್ಟು ದಿನದಿಂದ ಮಲಗಿಲ್ವೋ ಅಂತ ಎಬ್ಬಿಸ್ಲಿಲ್ಲ. ತೊಂದರೆ ಆಯ್ತಾ?'

'ಇಲ್ಲಪ್ಪ' ಎಂದೆ. ಮಡಿಲಿಂದ ಜಾರಿ ಕೆಳಗೆ ಬಿದ್ದಿದ್ದ ಗರಿಯನ್ನು ಎತ್ತಿಕೊಂಡು ಇಳಿದೆ.